ಶಿಲುಬೆಯ ಅರ್ಥ: ಒಬ್ಬರ ತಪ್ಪಿಗೆ ಇನ್ನೊಬ್ಬರಿಗೆ ಶಿಕ್ಷೆಯೇ?

ಪರೀಕ್ಷೆಯಲ್ಲಿ ಕ್ರೈಸ್ತ ಧರ್ಮದ ಪತ್ರಿಕೆಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಯೇಸುವಿನ ಬಂಧನ, ರೋಮನ್ ಅಧಿಪತಿ ಪಿಲಾತನ ಮುಂದಿನ ವಿಚಾರಣೆ, ಮರಣ, ಪುನರುತ್ಥಾನದ ಕಥೆಯನ್ನು ಸುವಾರ್ತೆಗಳಲ್ಲಿ ನೀವು ಓದಿಯೇ ಇರುತ್ತೀರಿ. ಅದನ್ನು ಇಲ್ಲಿ ಹೇಳುವುದಿಲ್ಲ.

ಅವಮಾನದ ಮರ

ಶಿಲುಬೆಯನ್ನು ಸರದ ಪದಕದಲ್ಲಿ, ಗೋಪುರದ ತುದಿಯಲ್ಲಿ ನೋಡಿ ನೋಡಿ ನಮಗೆ ಅದು ಏನಾಗಿತ್ತು ಎಂಬುದೇ ಮರೆತಿದೆ. ರೋಮನ್ನರು ಗುಲಾಮರಿಗೂ ದಂಗೆಕೋರರಿಗೂ ಮೀಸಲಿಟ್ಟಿದ್ದ, ಎಲ್ಲರ ಕಣ್ಣೆದುರು ಕೊಲ್ಲುವ ಶಿಕ್ಷೆ ಅದು. ಕ್ರಿ.ಪೂ. 71ರಲ್ಲಿ ಗುಲಾಮ ಸ್ಪಾರ್ಟಕಸನ ದಂಗೆಯನ್ನು ಅಡಗಿಸಿದ ಮೇಲೆ ಸುಮಾರು 6,000 ಸೆರೆಯಾಳುಗಳನ್ನು ಕಾಪುವಾದಿಂದ ರೋಮ್‌ವರೆಗೆ ದಾರಿಯುದ್ದಕ್ಕೂ ಶಿಲುಬೆಗೇರಿಸಿದರು. ಯೆಹೂದ್ಯರಿಗೆ ಇನ್ನೊಂದು ಕಷ್ಟವಿತ್ತು: ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿಯಾದವನು ಎಂದು ಧರ್ಮೋಪದೇಶಕಾಂಡ 21:23 ಹೇಳುತ್ತದೆ. ಇಂಥ ಮರದ ಮೇಲೆ ಸತ್ತವನನ್ನು ರಕ್ಷಕ ಎಂದು ಸಾರುವುದು ಯೆಹೂದ್ಯರಿಗೆ ಅಡ್ಡಿ, ಯೆಹೂದ್ಯರಲ್ಲದವರಿಗೆ ಹುಚ್ಚುತನ ಎಂದು, ಅದನ್ನೇ ಸಾರುತ್ತಿದ್ದ ಅಪೊಸ್ತಲ ಪೌಲನೇ ಬರೆದ (1 ಕೊರಿಂಥ 1:23). ಉತ್ತರವನ್ನು ಇಲ್ಲಿಂದಲೇ ಆರಂಭಿಸಿ. ಈ ಅವಮಾನ ಅರ್ಥವಾಗದಿದ್ದರೆ ಮುಂದಿನದೆಲ್ಲ ಬರೀ ಬಾಯಿಪಾಠವಾಗುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ ಹೆಜ್ಜೆ

‘ನಮ್ಮ ಪಾಪಗಳಿಗಾಗಿ ಕ್ರಿಸ್ತನು ಸತ್ತನು’ ಎಂಬ ವಾಕ್ಯವನ್ನು ಬರೆಯುವುದು ಸುಲಭ. ಆದರೆ ಯಾರೋ ಮಾಡಿದ ತಪ್ಪಿಗೆ ನಿರಪರಾಧಿಯೊಬ್ಬನನ್ನು ಶಿಕ್ಷಿಸಿದರೆ ಅದು ನ್ಯಾಯ ಹೇಗಾದೀತು? ಸಿಟ್ಟಿಗೆದ್ದ ತಂದೆ, ಪೆಟ್ಟು ತಿಂದ ಮಗ, ಪಾರಾದ ನಾವು ಎಂದು ಮೂರು ಪಾಲು ಮಾಡಿಕೊಂಡು ಓದುವವರೆಗೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಎಷ್ಟು ಪುಟ ತಿರುಗಿಸಿದರೂ ಗಂಟು ಅಲ್ಲೇ ಉಳಿಯುತ್ತದೆ.

ಗಂಟು ಬಿಚ್ಚುವುದು ತ್ರಿತ್ವದ ಪಾಠದಲ್ಲಿ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಯಲ್ಲಿ. ಮಗನು ದೇವರೇ ಆಗಿದ್ದರೆ ಶಿಲುಬೆಯ ಮೇಲೆ ಇರುವವನು ಹೊರಗಿನಿಂದ ಹಿಡಿದು ತಂದ ಮೂರನೆಯವನಲ್ಲ. ತೀರ್ಪು ಕೊಡಬೇಕಾದವನೇ ಅದರ ಭಾರಕ್ಕೆ ಹೆಗಲು ಕೊಟ್ಟಿದ್ದಾನೆ. 2 ಕೊರಿಂಥ 5:19ನ್ನು ಕೆಂಪು ಗೆರೆ ಎಳೆದು ಇಟ್ಟುಕೊಳ್ಳಿ: ದೇವರು ಕ್ರಿಸ್ತನಲ್ಲಿದ್ದುಕೊಂಡೇ ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನು. ಜೊತೆಗೆ ಯೋಹಾನ 10:18 ಇರಲಿ. ನನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂಬುದು ಅಲ್ಲಿ ಯೇಸುವಿನ ಮಾತು. ಬಲವಂತವಿಲ್ಲ, ಮೂರನೆಯವನೂ ಇಲ್ಲ.

ಸಾಲ ಮನ್ನಾ ಎಂದರೆ ಮಂಡ್ಯದ ಕಡೆ ಮಕ್ಕಳಿಗೂ ಗೊತ್ತು. ಕಬ್ಬಿನ ಹಣ ಕೈಗೆ ಬಾರದೆ ಒದ್ದಾಡುತ್ತಿರುವ ರೈತನಿಗೆ, 50,000 ರೂಪಾಯಿ ಕೈಸಾಲ ಕೊಟ್ಟ ನೆಂಟನೇ ‘ಹೋಗಲಿ ಬಿಡಪ್ಪ, ಕೊಡಬೇಡ’ ಎಂದು ಪತ್ರ ಹರಿದುಹಾಕಿದ ಎನ್ನಿ. ಆ ಹಣ ಎಲ್ಲಿಗೆ ಹೋಯಿತು? ನೆಂಟನ ಗಂಟಿನಿಂದಲೇ ಹೋಯಿತು. ಮನ್ನಾ ಮಾಡಿದವನು ನಷ್ಟ ಹೊರದೆ ಮನ್ನಾ ಆಗುವುದೇ ಇಲ್ಲ. ಪೌಲನೂ ಕೊಲೊಸ್ಸೆ 2:14ರಲ್ಲಿ ನಮ್ಮ ವಿರುದ್ಧವಿದ್ದ ಋಣಪತ್ರವನ್ನು ಶಿಲುಬೆಗೆ ಜಡಿದು ಇಲ್ಲವಾಗಿಸಿದ ಚಿತ್ರವನ್ನೇ ಕೊಡುತ್ತಾನೆ. ಕ್ಷಮೆ ಪುಕ್ಕಟೆಯಾಗಿ ಸಿಗುವುದು ಪಡೆದವನಿಗೆ, ಕೊಟ್ಟವನಿಗೆ ಅದು ಪುಕ್ಕಟೆಯಲ್ಲ. ನನಗೆ ಈ ಅಧ್ಯಾಯದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ.

ಹಾಗಾದರೆ ‘ನನ್ನ ದೇವರೇ, ಯಾಕೆ ಕೈಬಿಟ್ಟಿದ್ದೀ’ ಎಂಬ ಕೂಗು? ಮಾರ್ಕ 15:34ರ ಆ ಮಾತು 22ನೇ ಕೀರ್ತನೆಯ ಮೊದಲ ಸಾಲು. ಕೀರ್ತನೆಯನ್ನು 24ನೇ ವಚನದವರೆಗೂ ಓದಿ. ನೊಂದವನಿಂದ ದೇವರು ಮುಖ ಮರೆಮಾಡಲಿಲ್ಲ ಎಂದು ಅಲ್ಲಿ ಬರುತ್ತದೆ. ಇದರಿಂದ ಕೂಗಿನ ನೋವು ಸುಳ್ಳಾಗುವುದಿಲ್ಲ. ಆದರೆ ತಂದೆ ಮಗನನ್ನು ದ್ವೇಷಿಸಿದನೆಂಬ ಓದಿಗೆ ಅಲ್ಲಿ ಜಾಗ ಸಿಗುವುದಿಲ್ಲ.

ವಿವರಣೆಗಳು, ಚುಟುಕಾಗಿ

ಶಿಲುಬೆಯ ಸಾವು ನಮ್ಮನ್ನು ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ ಕೊಟ್ಟ ಉತ್ತರಗಳಿವು. ಈಡು: ಬಿಡುಗಡೆಗೆ ತೆತ್ತ ಬೆಲೆ (ಮಾರ್ಕ 10:45). ಜಯ: ಪಾಪ, ಮರಣ, ಸೈತಾನನ ಮೇಲಿನ ಗೆಲುವು (ಕೊಲೊಸ್ಸೆ 2:15). ಕ್ಯಾಂಟರ್ಬರಿಯ ಆನ್ಸೆಲ್ಮ್ 11ನೇ ಶತಮಾನದ ಕೊನೆಯಲ್ಲಿ ದೇವರ ಮಾನಕ್ಕೆ ಸಲ್ಲಬೇಕಾದ ಪರಿಹಾರ ಎಂದು ವಿವರಿಸಿದ. 12ನೇ ಶತಮಾನದ ಅಬೆಲಾರ್ಡ್ ನಮ್ಮ ಹೃದಯವನ್ನು ತಿರುಗಿಸುವ ಪ್ರೀತಿಗೆ ಒತ್ತು ಕೊಟ್ಟ. ಕಾನೂನು ಓದಿದ್ದ ಕ್ಯಾಲ್ವಿನ್ 16ನೇ ಶತಮಾನದಲ್ಲಿ ನ್ಯಾಯಾಲಯದ ಭಾಷೆ ತಂದ. ಆನ್ಸೆಲ್ಮ್‌ನದು ಶಿಕ್ಷೆಯ ಬದಲಿಗೆ ಪರಿಹಾರ, ಕ್ಯಾಲ್ವಿನ್‌ನದು ಶಿಕ್ಷೆಯನ್ನೇ ಹೊರುವುದು; ಇಬ್ಬರನ್ನೂ ಒಂದೇ ಸಾಲಿನಲ್ಲಿ ಸೇರಿಸಬೇಡಿ. ಸಭೆಯ ನಂಬಿಕೆಯನ್ನು ಸಾರವಾಗಿ ಹೇಳುವ 381ರ ವಿಶ್ವಾಸ ಪ್ರಮಾಣ ‘ನಮಗಾಗಿ’ ಶಿಲುಬೆಗೇರಿಸಲ್ಪಟ್ಟನು ಎಂದಷ್ಟೇ ಹೇಳಿ, ಹೇಗೆ ಎಂಬುದನ್ನು ಬಿಟ್ಟಿದೆ.

ಮೈಸೂರಿನಲ್ಲೇ ನೋಡಬಹುದಾದದ್ದು

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಸಂತ ಫಿಲೋಮಿನಾ ಚರ್ಚಿನ ನೆಲವಿನ್ಯಾಸವೇ ಶಿಲುಬೆ. ಜನ ಕೂರುವ ಉದ್ದನೆಯ ಅಂಕಣ ಅದರ ಕಾಂಡ, ಎಡಬಲದ ಚಾಚುಗಳು ತೋಳು. ಬಾಗಿಲಿನಿಂದ ಬಲಿಪೀಠದತ್ತ ನಡೆಯುವವರು ಶಿಲುಬೆಯ ಬುಡದಿಂದ ಮೇಲಕ್ಕೆ ನಡೆಯುತ್ತಾರೆ. ಬಣ್ಣದ ಗಾಜುಗಳಲ್ಲಿ ಕಡೆಯ ಭೋಜನ, ಶಿಲುಬೆ, ಪುನರುತ್ಥಾನದ ಚಿತ್ರಗಳಿವೆ. ಕಡೆಯ ಭೋಜನವನ್ನು ಬಿಟ್ಟು ಶಿಲುಬೆಯನ್ನು ವಿವರಿಸಬೇಡಿ, ಏಕೆಂದರೆ ತನ್ನ ಸಾವಿನ ಅರ್ಥವನ್ನು ಯೇಸು ಮುಂಚಿತವಾಗಿ ಹೇಳಿದ್ದು ಅಲ್ಲಿ, ರೊಟ್ಟಿ ಮುರಿಯುವಾಗ. ಕಥೋಲಿಕರಲ್ಲಿ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸದ ಆರಾಧನೆ) ಶಿಲುಬೆಯ ಅದೇ ಬಲಿಯ ಸಾನ್ನಿಧ್ಯ. ಆದರೂ ಯೇಸುವಿನ ಮರಣವನ್ನು ನೆನೆಯುವ ಶುಭ ಶುಕ್ರವಾರದಂದು ಬಲಿಪೂಜೆ ಇರುವುದಿಲ್ಲ. ಅಂದು ಶಿಲುಬೆಯ ಆರಾಧನೆ ನಡೆಯುತ್ತದೆ, ಹಿಂದಿನ ದಿನ ಪವಿತ್ರೀಕರಿಸಿದ ಪ್ರಸಾದವನ್ನೇ ಹಂಚುತ್ತಾರೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಕ್ರಿಸ್ತನ ಮೂರ್ತಿಯಿಲ್ಲದ ಬರಿಯ ಶಿಲುಬೆ ಕಾಣುತ್ತದೆ, ಒತ್ತು ಪುನರುತ್ಥಾನದ ಮೇಲೆ. ಎರಡೂ ಕಡೆ ಹೇಳುವ ‘ನಮಗಾಗಿ’ ಒಂದೇ.