ಕಾಗುಣಿತದ ಹಾಡು ಮತ್ತು ‘ಗೋ’ ಎಂಬ ಅಕ್ಷರ

ಎರಡನೇ ತರಗತಿಯ ಹುಡುಗಿಯೊಬ್ಬಳು ನನ್ನೆದುರು ಕೈಕಟ್ಟಿ ನಿಂತು ‘ಗ ತಲೆಕಟ್ಟು ಗ, ಗ ಇಳಿ ಗಾ, ಗ ಗುಡಿಸು ಗಿ’ ಎಂದು ಆರಂಭಿಸಿ, ವಿಸರ್ಗದವರೆಗೂ ಎಲ್ಲಿಯೂ ತಡವರಿಸದೆ ಕಾಗುಣಿತ ಒಪ್ಪಿಸಿದಳು. ಆಮೇಲೆ ನಾನು ಹಲಗೆಯ ಮೇಲೆ ‘ಗೋ’ ಎಂಬ ಒಂದೇ ಅಕ್ಷರವನ್ನು ಬರೆದು ಇದೇನೆಂದು ಕೇಳಿದಾಗ ಅವಳ ತುಟಿಗಳು ಸದ್ದಿಲ್ಲದೆ ಅಲ್ಲಾಡತೊಡಗಿದವು. ಗ, ಗಾ, ಗಿ, ಗೀ ಎಂದು ಬುಡದಿಂದ ಹತ್ತುತ್ತ ಬಂದವಳು ಎತ್ವದ ಹತ್ತಿರ ಲೆಕ್ಕ ತಪ್ಪಿ ‘ಗೈ’ ಎಂದಳು.

ಅವಳಿಗೆ ಕಾಗುಣಿತ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಸರಣಿಯಾಗಿ ಕಲಿತದ್ದರಲ್ಲಿ ಪ್ರತಿಯೊಂದು ತುಣುಕಿಗೂ ಅದರ ಹಿಂದಿನ ತುಣುಕೇ ಸುಳಿವು. ಸರಣಿ ಕಡಿದರೆ ಸುಳಿವೂ ಕಡಿಯುತ್ತದೆ. ಏಳೆಂಟಲ ಎಷ್ಟೆಂದು ಕೇಳಿದರೆ ‘ಏಳೊಂದ್ಲ ಏಳು’ ಎಂದು ಶುರುಮಾಡುವ ಹುಡುಗನ ಪಾಡು ಇದೇ. ಹಾಡಿನ ಮೂರನೆಯ ಸಾಲು ಬೇಕಾದರೆ ಪಲ್ಲವಿಯಿಂದ ಗುನುಗಿಕೊಳ್ಳುವವರ ಪಾಡೂ ಇದೇ. ತನ್ನ ಬಸ್ಸಿನ ನಿಲ್ದಾಣಗಳನ್ನೆಲ್ಲ ಕ್ರಮವಾಗಿ ಕೂಗಬಲ್ಲ ನಿರ್ವಾಹಕನನ್ನು ಕಣ್ಣುಕಟ್ಟಿ ಒಂದು ನಿಲ್ದಾಣದಲ್ಲಿ ಇಳಿಸಿ ಇದು ಯಾವ ಊರೆಂದು ಕೇಳಿದಂತೆ ಎಂದರೂ ಸರಿಯೇ. ಓದುವಾಗ ಅಕ್ಷರಗಳು ಕಾಗುಣಿತದ ಸಾಲಿನಲ್ಲಿ ಎಂದೂ ಬರುವುದಿಲ್ಲ. ‘ಗೋಪುರ’ ಎಂಬ ಪದದ ಮುಂದೆ ನಿಂತ ಮಗುವಿಗೆ ಮೂರು ಏಣಿಗಳನ್ನು ಹತ್ತಿಳಿಯುವಷ್ಟು ವ್ಯವಧಾನವಿಲ್ಲ, ಮೂರನೆಯದನ್ನು ಹತ್ತುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಇಂಥ ಮಗುವಿಗೆ ನೆನಪಿನ ಶಕ್ತಿ ಸಾಲದೆಂದು ಒಂದೆಲಗ ತಿನ್ನಿಸುವವರಿದ್ದಾರೆ. ತಂಬುಳಿ ರುಚಿಯಾಗಿರುತ್ತದೆ, ಆ ಮಾತು ಬೇರೆ. ಆದರೆ ಹದಿನೈದು ರೂಪಗಳನ್ನು ಉಸಿರು ಬಿಡದೆ ಒಪ್ಪಿಸಿದ ಮಗುವಿಗೆ ನೆನಪಿನ ಕೊರತೆ ಎಲ್ಲಿಂದ ಬಂತು?

ತೊಡಕಿನ ಮೂಲ ನಾವು ಹೆಮ್ಮೆಪಡುವ ವರ್ಣಮಾಲೆಯ ಕ್ರಮದಲ್ಲೇ ಇದೆ. ಕಂಠದ ಕ-ವರ್ಗದಿಂದ ಹೊರಟು ತುಟಿಯ ಪ-ವರ್ಗಕ್ಕೆ ಬಂದು ಮುಟ್ಟುವ ಈ ಜೋಡಣೆ ಪ್ರಾಚೀನ ಭಾರತದ ಧ್ವನಿಶಾಸ್ತ್ರಜ್ಞರ ಅದ್ಭುತ ಸಾಧನೆಯೆಂಬುದರಲ್ಲಿ ಸಂಶಯವಿಲ್ಲ, ಆದರೆ ಅದು ಧ್ವನಿಗಳ ಶಾಸ್ತ್ರವನ್ನು ಬಲ್ಲವನ ಕ್ರಮವೇ ಹೊರತು ಓದು ಕಲಿಯುವ ಮಗುವಿನ ಕ್ರಮವಲ್ಲ. ಅ ದಿಂದ ಔ ವರೆಗೆ ಹದಿಮೂರು ಸ್ವರಗಳನ್ನು ತಿಂಗಳುಗಟ್ಟಲೆ ತಿದ್ದಿದ ಮೇಲೂ ಆ, ಈ ಎಂಬಂಥ ಒಂಟಿ ಮಾತುಗಳನ್ನು ಬಿಟ್ಟರೆ ಮಗು ಓದಬಹುದಾದ ಪದವೇ ಇರುವುದಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊದಲಾದ ನಲಿಕಲಿ ಪದ್ಧತಿ ಈ ಕ್ರಮವನ್ನು ಕೈಬಿಟ್ಟು ‘ರ, ಗ, ಸ, ದ, ಅ’ ಎಂದು ಆರಂಭಿಸಿತು. ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲವೂ ಸಿಗುತ್ತವೆ. ಗದಗ ಎಂಬ ಇಡೀ ಊರೇ ಸಿಗುತ್ತದೆ. ‘ಗರಗಸ’ದಲ್ಲಿ ಗ ಎರಡು ಸಲ ಬರುತ್ತದೆ, ಎರಡು ಸಲವೂ ಬೇರೆ ಬೇರೆ ನೆರೆಯವರೊಡನೆ, ಹಾಗೆ ಬಂದಾಗಲೆಲ್ಲ ಮಗು ಅದನ್ನು ನೆನಪಿನಿಂದ ಹೊಸದಾಗಿ ಎತ್ತಿಕೊಳ್ಳಬೇಕಾಗುತ್ತದೆ.

ಈ ಎತ್ತಿಕೊಳ್ಳುವಿಕೆಯೇ ಕಲಿಕೆಯನ್ನು ಗಟ್ಟಿಮಾಡುತ್ತದೆ ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮಾತ್ರ ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಅವರನ್ನು ಹಿಂದೆ ಹಾಕಿದ್ದರು. ಅವರು ಕಾಲೇಜಿನ ವಿದ್ಯಾರ್ಥಿಗಳು ನಿಜ, ಆದರೂ ತರಗತಿಯ ಮುಂದೆ ನಿಂತವರು ಗಮನಿಸಬೇಕಾದದ್ದು ಆ ಮೊದಲ ಐದು ನಿಮಿಷದ ಮೋಸವನ್ನೇ. ಒಕ್ಕೊರಲಿನ ಪಠಣ ಮುಗಿದಾಗ ಎಲ್ಲರಿಗೂ ಎಲ್ಲವೂ ಬಂದಂತೆ ಕೇಳಿಸುತ್ತದೆ. ಒಂದೊಂದೇ ಅಕ್ಷರ ಬರೆದ ಮಿಂಚುಪಟ್ಟಿಗಳನ್ನು ಕಲೆಸಿ ತೋರಿಸುವುದು, ನಿನ್ನೆಯ ಅಕ್ಷರವನ್ನು ಇಂದು, ಇಂದಿನದನ್ನು ಮುಂದಿನ ವಾರ ಕೇಳುವುದು, ದಿನಕ್ಕೆ ಐದು ಪದಗಳ ಉಕ್ತಲೇಖನ, ಇವೆಲ್ಲ ಕಿವಿಗೆ ಅಷ್ಟು ಇಂಪಲ್ಲ.

ಇಲ್ಲೊಂದು ಹಳೆಯ ಕಥೆಯನ್ನು ಹೇಳದಿರಲಾರೆ. ಮದ್ರಾಸಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿ, ದೇಶೀ ಪಾಠಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನೇ ತಂದ. ಮೊದಲು ಕಲಿತ ಹುಡುಗರು ಉಳಿದವರಿಗೆ ಕಲಿಸುವ ಏರ್ಪಾಟನ್ನೂ ಮಾಡಿ 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಅದಕ್ಕೆ ಮದ್ರಾಸ್ ಪದ್ಧತಿಯೆಂದೇ ಹೆಸರಾಯಿತು. ಮರಳಿನ ಗುಣವೇನೆಂದರೆ ಬರೆದದ್ದು ಅಳಿಸಿಹೋಗುತ್ತದೆ. ಮೇಲಿನ ಸಾಲನ್ನು ನೋಡಿ ನಕಲು ಮಾಡುವ ಕಾಪಿ ಪುಸ್ತಕದ ಸೌಕರ್ಯ ಅಲ್ಲಿಲ್ಲ.

‘ಕನ್ನಡವನ್ನು ಆಡಿದಂತೆ ಬರೆಯುತ್ತೇವೆ, ಆದ್ದರಿಂದ ಸುಲಭ’ ಎಂಬ ಮಾತನ್ನು ಕೇಳಿದಾಗಲೂ ನನಗೆ ತಾಳ್ಮೆ ತಪ್ಪುತ್ತದೆ. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿಮೂರು ಸ್ವರಗಳು ಸೇರಿದರೆ 442 ರೂಪಗಳು, ಒತ್ತಕ್ಷರಗಳು ಅದರ ಮೇಲೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ತೋರಿಸಿದಂತೆ, ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಕೊಂಬು ‘ಕು’ವಿನಲ್ಲಿ ಬಲಕ್ಕೆ ಅಂಟಿದರೆ ‘ವು’ವಿನಲ್ಲಿ ಕೆಳಕ್ಕೆ ಇಳಿಯುತ್ತದೆ, ವ ಕಾರಕ್ಕೂ ಬಲಕ್ಕೇ ಅಂಟಿಸಿದ್ದರೆ ಅದು ಮ ಆಗಿಬಿಡುತ್ತಿತ್ತು. ಬಾಯಲ್ಲಿ ‘ಅಮ್-ಮ’ ಎಂದು ಒಡೆಯುವ ಪದ ಬರಹದಲ್ಲಿ ‘ಅ-ಮ್ಮ’ ಎಂದು ಒಡೆಯುತ್ತದೆ. ಚಪ್ಪಾಳೆ ತಟ್ಟಿ ಪದ ಬಿಡಿಸಲು ಕಲಿತ ಮಗು ‘ಅಮಮ’ ಎಂದು ಬರೆದರೆ ಅದು ದಡ್ಡತನವಲ್ಲ, ತನ್ನ ಕಿವಿಯನ್ನು ನಂಬಿದ್ದರ ಫಲ.

ಅರ್ಕಾವೊತ್ತು ಇನ್ನೂ ಮೋಜಿನದು. ‘ಸೂರ್ಯ’ದಲ್ಲಿ ಮೊದಲು ಕೇಳುವ ರ್ ಕಾರ ಯ ಕಾರದ ಆಚೆ ಹೋಗಿ ಕುಳಿತಿರುತ್ತದೆ. ನಾನು ಕಂಡ ಶಿಕ್ಷಕಿಯೊಬ್ಬರು, ಹುಡುಗನೊಬ್ಬ ಅದನ್ನು ‘ಸೂಯ್ರ’ ಎಂದು ಓದಿದಾಗ ಗದರದೆ, ಕೆಂಪು ಸೀಮೆಸುಣ್ಣದಿಂದ ಆ ಚಿಹ್ನೆಯಿಂದ ಯ ಕಾರದ ತಲೆಯ ಮೇಲೆ ಹಿಂದಕ್ಕೊಂದು ಬಾಣ ಎಳೆದರು. ಹುಡುಗ ಬಾಣವನ್ನು ನೋಡಿದ, ‘ಸೂರ್ಯ’ ಎಂದ. ಆಮೇಲೆ ಎದ್ದು ಬಂದು, ಯಾರೂ ಹೇಳದಿದ್ದರೂ, ಪಕ್ಕದಲ್ಲಿದ್ದ ‘ಕಾರ್ಯ’ಕ್ಕೂ ತಾನೇ ಒಂದು ಬಾಣ ಎಳೆದ.