ತೆಗೆದ ಗಂಟು ಎಲ್ಲಿ ಹೋಯಿತು?

ನಾಯಿಗೆ ಗಂಟಿನ ಆಪರೇಷನ್ ಮಾಡಿಸಿ ಮನೆಗೆ ಕರೆತಂದ ರಾತ್ರಿ ಮನೆಯವರಿಗೆ ಸರಿಯಾಗಿ ನಿದ್ದೆ ಬರುವುದಿಲ್ಲ. ಯಾಕೆ ಇಷ್ಟು ನಡುಗುತ್ತಿದೆ? ಊಟ ಯಾಕೆ ಮುಟ್ಟುತ್ತಿಲ್ಲ? ಹೊಲಿಗೆ ಯಾವಾಗ ಬಿಚ್ಚುತ್ತಾರೆ? ನೆಕ್ಕಿಬಿಟ್ಟರೆ ಏನಾಗುತ್ತದೆ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇವುಗಳಿಗಿಂತ ದೊಡ್ಡದೊಂದು ಪ್ರಶ್ನೆಯನ್ನು ಎಷ್ಟೋ ಜನ ಕೇಳದೆಯೇ ಮನೆಗೆ ಬಂದಿರುತ್ತಾರೆ. ತೆಗೆದ ಆ ಗಂಟು ಎಲ್ಲಿ ಹೋಯಿತು?

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ "ಗಂಟು ತೆಗದಾರ್ರಿ, ಈಗ ಆರಾಮ್ ಅದ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಗಂಟು ಮಾತ್ರ ಹತ್ತಿ, ಗಾಜ್ ಬಟ್ಟೆಗಳ ಜೊತೆ ಆಸ್ಪತ್ರೆಯ ಕಸಕ್ಕೆ ಸೇರುತ್ತದೆ. ಇದು ನನಗೆ ತುಂಬಾ ಬೇಸರದ ವಿಷಯ. ನಾಯಿಯ ಮುಂದಿನ ದಿನಗಳ ಬಗ್ಗೆ ಏನಾದರೂ ಗೊತ್ತಾಗುವುದಿದ್ದರೆ ಅದು ಆ ತುಂಡಿನಿಂದಲೇ ಗೊತ್ತಾಗಬೇಕು.

ಗಂಟನ್ನು ಬರೀ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ "ಇದು ಸಾದಾ ಗಂಟು" ಎಂದು ಖಚಿತವಾಗಿ ಹೇಳಲು ಯಾವ ಅನುಭವಿ ವೈದ್ಯರಿಗೂ ಆಗುವುದಿಲ್ಲ. ವಯಸ್ಸಾದ ಲ್ಯಾಬ್ರಡಾರ್‌ಗಳ ಪಕ್ಕೆಯಲ್ಲಿ ಮೆತ್ತಗೆ ಜಾರುವ ಕೊಬ್ಬಿನ ಗಂಟು ಬರುತ್ತದೆ. ಅದಕ್ಕೆ ಲೈಪೋಮ ಎನ್ನುತ್ತಾರೆ. ಅದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಹಾಗೇ ಮೆತ್ತಗೆ, ಹಾಗೇ ಚರ್ಮದಡಿ ಜಾರುವ ಇನ್ನೊಂದು ಗಂಟು ಮಾಸ್ಟ್ ಸೆಲ್ ಟ್ಯೂಮರ್ ಆಗಿರಬಹುದು. ನಾಯಿಗಳ ಚರ್ಮದಲ್ಲಿ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ. ಮಾಸ್ಟ್ ಕಣಗಳ (ದೇಹದ ರಕ್ಷಣೆಗಿರುವ ಒಂದು ಬಗೆಯ ಜೀವಕೋಶ) ಒಳಗೆ ಹಿಸ್ಟಮೀನ್ ಎಂಬ ರಾಸಾಯನಿಕ ತುಂಬಿರುತ್ತದೆ. ಗಂಟನ್ನು ಒತ್ತಿದರೆ, ತಿಕ್ಕಿದರೆ ಅದು ಹೊರಬಂದು ಸುತ್ತಲಿನ ಚರ್ಮ ಕೆಂಪಗೆ ಊದಿಕೊಳ್ಳುತ್ತದೆ. ಆಮೇಲೆ ಊತ ಇಳಿಯುತ್ತದೆ. "ಗಂಟು ಒಮ್ಮೆ ದೊಡ್ಡದಾಗುತ್ತೆ, ಒಮ್ಮೆ ಸಣ್ಣದಾಗುತ್ತೆ" ಎಂದು ಯಾರಾದರೂ ಹೇಳಿದರೆ ಇದನ್ನು ನೆನೆಯಬೇಕು. ಅದೇ ಹಿಸ್ಟಮೀನ್ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸಿ ಹುಣ್ಣು ಮಾಡಬಲ್ಲದು. ಇಂಥ ಗಂಟು ತೆಗೆದ ಮೇಲೆ ನಾಯಿ ಪದೇ ಪದೇ ವಾಂತಿ ಮಾಡಿದರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ ತಡ ಮಾಡದೆ ವೈದ್ಯರಿಗೆ ತಿಳಿಸಿ.

ಗಂಟಿನ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ತಿಳಿದರೆ, ತುಂಡನ್ನು ಯಾಕೆ ಜೋಪಾನವಾಗಿ ಕಳಿಸಬೇಕು ಎನ್ನುವುದೂ ತಿಳಿಯುತ್ತದೆ. ತೆಗೆದ ಕೂಡಲೇ ಅದನ್ನು ಕೊಳೆಯದಂತೆ ಕಾಪಾಡುವ 10 ಪರ್ಸೆಂಟ್ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸಬೇಕು. ಗಂಟು ಎಷ್ಟಿದೆಯೋ ಅದರ ಹತ್ತು ಪಟ್ಟು ದ್ರಾವಣ ಬೇಕು. ಫಾರ್ಮಲಿನ್ ಒಳಗೆ ಇಳಿಯುವುದು ಬಹಳ ನಿಧಾನ. ಹಾಗಾಗಿ ಗಂಟು ದೊಡ್ಡದಿದ್ದರೆ ನಡುವೆ ಸೀಳು ಕೊಡುತ್ತಾರೆ. ಇಲ್ಲವಾದರೆ ದ್ರಾವಣ ತಲುಪುವ ಮೊದಲೇ ಒಳಭಾಗ ಕೊಳೆಯುತ್ತದೆ. ತುಂಡನ್ನು ಬರೀ ನೀರಿನಲ್ಲಿ ಇಡಬಾರದು. ಫ್ರೀಜರ್‌ನಲ್ಲಂತೂ ಇಡಲೇಬಾರದು. ಮಂಜಿನ ಹರಳು ಕಣಗಳನ್ನು ಒಡೆದುಹಾಕುತ್ತದೆ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಸರಿಯಾಗಿ ಫಾರ್ಮಲಿನ್‌ಗೆ ಬಿದ್ದ ತುಂಡು ವಾರಗಟ್ಟಲೆ ಕೆಡದೆ ಇರುತ್ತದೆ. ಇವತ್ತೇ ಕಳಿಸಲು ಆಗದಿದ್ದರೂ ಪರವಾಗಿಲ್ಲ. ಬಿಸಾಡಿದರೆ ಮಾತ್ರ ಮತ್ತೆ ಸಿಗುವುದಿಲ್ಲ.

ಲ್ಯಾಬ್‌ನಲ್ಲಿ ತುಂಡನ್ನು ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳ್ಳಗೆ ಹೆಚ್ಚುತ್ತಾರೆ. ಆಮೇಲೆ ಎರಡು ಬಣ್ಣ ಹಾಕುತ್ತಾರೆ. ಪ್ರತಿ ಕಣದ ಒಳಗಿನ ಬೀಜ (ನ್ಯೂಕ್ಲಿಯಸ್) ನೇರಳೆ ಮಿಶ್ರಿತ ನೀಲಿಯಾಗುತ್ತದೆ, ಉಳಿದದ್ದು ಗುಲಾಬಿ. ಇಂಥ ತುಂಡುಗಳನ್ನು ಪರೀಕ್ಷಿಸುವ ತಜ್ಞರಾದ ಪೆಥಾಲಜಿಸ್ಟ್ ನೋಡುವುದು ಮುಖ್ಯವಾಗಿ ಮೂರು ಸಂಗತಿ. ಇದು ಯಾವ ಜಾತಿಯ ಕಣ? ಎಷ್ಟು ವೇಗವಾಗಿ ಒಡೆದು ಎರಡಾಗುತ್ತಿದೆ? ಕತ್ತರಿಸಿದ ಅಂಚಿನವರೆಗೂ ಈ ಕಣಗಳು ಬಂದಿವೆಯಾ?

ಈ ಮೂರನೆಯದು ಮನೆಯವರಿಗೆ ನೇರವಾಗಿ ಸಂಬಂಧಿಸಿದ್ದು. "ನಿಂಬೆಹಣ್ಣಿನಷ್ಟು ಗಂಟಿಗೆ ಗೇಣುದ್ದ ಹೊಲಿಗೆ ಯಾಕೆ ಹಾಕಿದರು?" ಎಂದು ಸಿಟ್ಟಾಗುವವರಿದ್ದಾರೆ. ಮಾವಿನ ಹಣ್ಣಿನಲ್ಲಿ ಕೊಳೆತ ಜಾಗ ತೆಗೆಯುವಾಗ ಅದರ ಸುತ್ತಲಿನ ಒಳ್ಳೆಯ ಭಾಗವನ್ನೂ ಒಂದಿಷ್ಟು ಕೊಯ್ದು ಬಿಡುತ್ತೇವೆ, ಅಲ್ವಾ? ಇಲ್ಲಿಯೂ ಕಣ್ಣಿಗೆ ಕಾಣುವ ಗಂಟಿನ ಆಚೆ ಕಾಣದ ಕಣಗಳು ಹರಡಿರಬಹುದು. ಮಾಸ್ಟ್ ಸೆಲ್ ಗಂಟಾದರೆ ಸುತ್ತಲೂ ಎರಡು ಮೂರು ಸೆಂಟಿಮೀಟರ್ ಚೆನ್ನಾಗಿರುವ ಚರ್ಮ, ಅಡಿಯಲ್ಲಿ ಒಂದು ಪದರ ಆಳದವರೆಗೂ ತೆಗೆಯುವುದು ರೂಢಿ. ಉದ್ದದ ಗಾಯ ನೋಡಿ ವೈದ್ಯರನ್ನು ಬೈಯಬೇಡಿ. ವರದಿಯಲ್ಲಿ ಅಂಚು ಸ್ವಚ್ಛವಾಗಿದೆ ಎಂದಿದ್ದರೆ ಆ ಉದ್ದಕ್ಕೆ ಬೆಲೆ ಸಿಕ್ಕಂತೆ. ಅಂಚಿನಲ್ಲಿ ಕ್ಯಾನ್ಸರ್ ಕಣಗಳು ಉಳಿದಿವೆ ಎಂದಿದ್ದರೆ, ಮತ್ತೊಮ್ಮೆ ಅಗಲವಾಗಿ ತೆಗೆಯಬೇಕಾ, ಔಷಧಿ ಕೊಡಬೇಕಾ ಎಂದು ಆಗಲೇ ಯೋಚಿಸಬಹುದು. ಆರು ತಿಂಗಳ ನಂತರ ಗಂಟು ಮತ್ತೆ ಎದ್ದ ಮೇಲೆ ಕೆಲಸ ಕಷ್ಟ. ಅಷ್ಟರಲ್ಲಿ ಒಳಗಿನ ಪದರಗಳು ಗಾಯದ ಕಲೆಯಲ್ಲಿ ಅಂಟಿಕೊಂಡಿರುತ್ತವೆ.

ಇಲ್ಲೇ ಇನ್ನೊಂದು ನಂಬಿಕೆಯ ಬಗ್ಗೆ ಹೇಳಬೇಕು. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರುವವರು ಬಹಳ. ಆಪರೇಷನ್ ಆದ ಮೇಲೆ ರೋಗ ಬೇರೆ ಕಡೆ ಕಂಡರೆ, ಸಾಮಾನ್ಯವಾಗಿ ಅದು ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು ಎಂದೇ ಅರ್ಥ. ಮೊದಲ ಆಪರೇಷನ್ನೇ ಗುಣವಾಗುವ ಅತಿ ಒಳ್ಳೆಯ ಅವಕಾಶ. ಈ ಹೆದರಿಕೆಯಿಂದ ಗಂಟನ್ನು ವರ್ಷಗಟ್ಟಲೆ ಬಿಟ್ಟುಕೊಂಡು, ಅದು ಒಡೆದು ಸೋರುವಾಗ ಕರೆತರುವುದು ನಾಯಿಗೆ ಮಾಡುವ ದೊಡ್ಡ ಅನ್ಯಾಯ.

ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ. 2004ರಲ್ಲಿ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಬೀದರ್‌ನ ನಂದಿನಗರದಲ್ಲಿ. ಅಲ್ಲೇ ಪಶುವೈದ್ಯಕೀಯ ಕಾಲೇಜೂ ಇದೆ. ಪಶುವೈದ್ಯಕೀಯ ಕಾಲೇಜು ಎಂದರೆ ಅಲ್ಲಿ ಪೆಥಾಲಜಿ ವಿಭಾಗ ಇದ್ದೇ ಇರುತ್ತದೆ. ಸುರಪುರದಲ್ಲೋ ಸೇಡಂನಲ್ಲೋ ಆಪರೇಷನ್ ಮಾಡಿದ ವೈದ್ಯರಿಗೆ "ತುಂಡನ್ನು ಬೀದರ್‌ಗೆ ಕಳಿಸಬಹುದಾ, ಅಥವಾ ಬೇರೆ ಲ್ಯಾಬ್‌ಗೆ ಕಳಿಸುತ್ತೀರಾ?" ಎಂದು ಆಪರೇಷನ್‌ಗೆ ಮೊದಲೇ ಕೇಳಿ. ಮೊದಲೇ ಕೇಳಿದರೆ ಫಾರ್ಮಲಿನ್ ಡಬ್ಬಿ ತಯಾರಿರುತ್ತದೆ. ಖರ್ಚು ಉಳಿಸಲು ಈ ಪರೀಕ್ಷೆ ಬಿಡುವವರಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆಪರೇಷನ್‌ಗೆ ಅಷ್ಟು ಖರ್ಚು ಮಾಡಿ ಉತ್ತರ ಬಿಟ್ಟು ಬರಬೇಡಿ ಎಂದೇ ಕೇಳಿಕೊಳ್ಳುತ್ತೇನೆ.

ಇನ್ನು ಮೊದಲ ರಾತ್ರಿಯ ಮಾತು. ಅರಿವಳಿಕೆಯಲ್ಲಿ ನಾಯಿಯ ಮೈಬಿಸಿ ಇಳಿಯುತ್ತದೆ, ಅದಕ್ಕೇ ನಡುಕ. ಚಳಿಗಾಲದ ಬೀದರ್‌ನಲ್ಲಿ ಬರೀ ಫರ್ಸಿ ಕಲ್ಲಿನ ಮೇಲೆ ಮಲಗಿಸಬೇಡಿ, ಗೋಣಿಚೀಲವೋ ಹಳೆ ಕೌದಿಯೋ ಹಾಸಿ. ಔಷಧಿಯ ಅಮಲಿನಲ್ಲಿ ಕೆಲವು ನಾಯಿಗಳು ಸುಮ್ನೆ ಕುಂಯ್‌ಗುಡುತ್ತವೆ. ಗಂಟಲಿಗೆ ಕೊಳವೆ ಹಾಕಿದ್ದರೆ ಒಂದೆರಡು ದಿನ ಸಣ್ಣ ಕೆಮ್ಮು ಇರಬಹುದು. ಎರಡು ಮೂರು ದಿನ ಮಲ ಮಾಡದಿದ್ದರೂ ಗಾಬರಿ ಬೇಡ. ಮುಟ್ಟಿದರೆ ಬಿಸಿ ಅನ್ನಿಸುವುದೂ ಸಹಜ, ನಾಯಿಯ ಸಾಮಾನ್ಯ ತಾಪವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನೋಡಬೇಕಾದದ್ದು ತುಟಿ ಎತ್ತಿದಾಗ ಕಾಣುವ ಒಸಡನ್ನು. ಅದು ಬೆಳ್ಳಗೆ ಬಿಳಿಚಿದ್ದರೆ ಒಳಗೆ ರಕ್ತ ಹೋಗುತ್ತಿರಬಹುದು. ಬೆಳಗಿನವರೆಗೆ ಕಾಯಬೇಡಿ.

ಊಟ ಸ್ವಲ್ಪವೇ ಕೊಡಿ. ಮೆತ್ತಗಿನ ಅನ್ನ, ಮೊಸರು, ಬೇಯಿಸಿದ ಕೋಳಿ ಸಾಕು. ನಮ್ಮ ಮನೆಗಳಲ್ಲಿ ಉಳಿದ ಪುಂಡಿಪಲ್ಯ, ಬೇಳೆ ಸಾರಿನಲ್ಲಿ ರೊಟ್ಟಿ ಮುರಿದು ಹಾಕುವುದು ವಾಡಿಕೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ಇವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ರಕ್ತ ಕಳೆದುಕೊಂಡ ನಾಯಿಗೆ ಅದು ಬೇಡವೇ ಬೇಡ. ನೋವಿದೆ ಎಂದು ಮನೆಯಲ್ಲಿರುವ ಮಾತ್ರೆ ಕೊಡುವುದಂತೂ ಇನ್ನೂ ಅಪಾಯ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳಿಂದ ನಾಯಿಗೆ ಹೊಟ್ಟೆಹುಣ್ಣು ಆಗಬಹುದು, ಮೂತ್ರಪಿಂಡ ಕೆಡಬಹುದು. ಪ್ಯಾರಾಸಿಟಮಾಲ್ ಪ್ರಮಾಣ ತಪ್ಪಿದರೆ ಲಿವರ್‌ಗೆ ಪೆಟ್ಟು. ನೋವಿಗೆ ನಾಯಿಗೆಂದೇ ಬೇರೆ ಔಷಧಿಗಳಿವೆ, ಅವನ್ನು ಕೇಳಿ ಪಡೆಯಿರಿ. ನೋವು ತಡೆದುಕೊಳ್ಳಲಿ ಬಿಡಿ ಎನ್ನುವುದು ಸರಿಯಲ್ಲ.

ಮೂರನೇ ದಿನದ ಹೊತ್ತಿಗೆ ಬರುವ ಫೋನ್ ಒಂದೇ: "ಗಂಟು ಮತ್ತ ಬಂದದ್ರಿ!" ಇಷ್ಟು ಬೇಗ ಗಂಟು ಬೆಳೆಯುವುದಿಲ್ಲ. ಗಂಟು ತೆಗೆದ ಖಾಲಿ ಜಾಗದಲ್ಲಿ ತಿಳಿ ದ್ರವ ತುಂಬಿಕೊಂಡಿರುತ್ತದೆ. ಇದಕ್ಕೆ ಸೆರೋಮ ಎನ್ನುತ್ತಾರೆ. ಮೆತ್ತಗೆ ನೀರು ತುಂಬಿದಂತೆ ಅಲುಗುತ್ತದೆ, ನೋವು ಅಷ್ಟಾಗಿ ಇರುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ದೇಹವೇ ಹೀರಿಕೊಳ್ಳುತ್ತದೆ. ಸೂಜಿ ಚುಚ್ಚಿ ತೆಗೆಯಲು ಒತ್ತಾಯ ಮಾಡಬೇಡಿ, ಚುಚ್ಚಿದಷ್ಟೂ ಕೀವಾಗುವ ಅಪಾಯ. ನಾಯಿ ಓಡಾಡಿ ಜಿಗಿದಷ್ಟೂ ದ್ರವ ಜಾಸ್ತಿಯಾಗುತ್ತದೆ. ಅದು ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುವಂತಿದ್ದರೆ, ಅಥವಾ ವಾಸನೆ ಬರುವ ಕೀವು ಸೋರಿದರೆ ಆಗ ಮಾತು ಬೇರೆ, ತಕ್ಷಣ ತೋರಿಸಿ.

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ಅಷ್ಟರಲ್ಲಿ ಗಾಯ ಮೇಲೆ ಕೂಡಿರುತ್ತದೆ, ಶಕ್ತಿ ಬಂದಿರುವುದಿಲ್ಲ. ಮೂರು ವಾರವಾದರೂ ಆ ಜಾಗದ ಗಟ್ಟಿತನ ಮೊದಲಿನ ಚರ್ಮದ ಐದನೇ ಒಂದು ಭಾಗದಷ್ಟೇ. ಹಾಗಾಗಿ ಹೊಲಿಗೆ ಬಿಚ್ಚಿದ ದಿನವೇ ಬೀದಿಗೆ ಓಡಲು ಬಿಡಬೇಡಿ. ಸ್ನಾನ ಹೊಲಿಗೆ ಬಿಚ್ಚಿ ಒಂದೆರಡು ದಿನ ಕಳೆದ ಮೇಲೆ. ಅರಿಶಿನ, ಬೂದಿ, ಎಣ್ಣೆ ಏನೂ ಹಚ್ಚಬೇಡಿ.

ನಾಯಿ ನೆಕ್ಕಿಕೊಂಡೇ ಗಾಯ ವಾಸಿ ಮಾಡಿಕೊಳ್ಳುತ್ತದೆ ಎನ್ನುವ ಮಾತು ಹಳೆಯದು. ಆದರೆ ಅದರ ನಾಲಿಗೆ ಒರಟು, ಬಾಯಿಯಲ್ಲಿ ಬ್ಯಾಕ್ಟೀರಿಯ ಬೇಕಾದಷ್ಟು. ರಾತ್ರಿ ಕಳೆಯುವುದರೊಳಗೆ ಹೊಲಿಗೆಯನ್ನೇ ಕಿತ್ತುಹಾಕಬಲ್ಲದು. ಕೊರಳಿನ ಪ್ಲಾಸ್ಟಿಕ್ ಕಾಲರ್ ಹಾಕಲೇಬೇಕು. ಎದೆ, ಹೊಟ್ಟೆಯ ಗಾಯಕ್ಕೆ ಹಳೆಯ ಟೀ ಶರ್ಟ್ ಕೂಡ ನಡೆಯುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಮಾತ್ರ ಹುಷಾರು. ಪಾರಾ 40 ದಾಟುತ್ತದೆ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದೇ ನಾಲಿಗೆ ಚಾಚಿ ಏದುಸಿರು ಬಿಟ್ಟು. ಕಾಲರ್ ಹಾಕಿದ ನಾಯಿಗೆ ನೀರಿನ ಬಟ್ಟಲು ಬಾಯಿಗೆ ಸಿಗುತ್ತಿದೆಯಾ ಎಂದು ನಿಂತು ನೋಡಿ, ಬಟ್ಟಲನ್ನು ಒಂದು ಇಟ್ಟಿಗೆಯ ಮೇಲೆ ಎತ್ತಿಟ್ಟರೆ ಸಲೀಸು. ಬೇಸಿಗೆಯಲ್ಲಿ ಅದೇ ಫರ್ಸಿ ಕಲ್ಲು ಬೇಕು, ಗಾಯದ ಕೆಳಗೆ ಒಗೆದ ಬಟ್ಟೆ ಇರಲಿ. ಮಳೆಗಾಲದಲ್ಲಿ ಕಾಟ ನೊಣದ್ದು. ಹಸಿ ಗಾಯದ ಮೇಲೆ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳ ಆಗುತ್ತವೆ. ಬೆಳಿಗ್ಗೆ, ಸಂಜೆ ಗಾಯ ನೋಡಿ. ಹುಳ ಕಂಡರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಊರುಗಳಲ್ಲಿ ಬೀದಿನಾಯಿಗಳ ಜೊತೆ ಬೆರೆಯುವ ನಾಯಿಗಳು ಬಹಳ. ಅವುಗಳ ಜನನಾಂಗದಲ್ಲಿ ಹೂಕೋಸಿನಂತೆ ಗಂಟು ಬಂದು ರಕ್ತ ಹನಿಯುವುದುಂಟು. ಹೆಣ್ಣು ನಾಯಿಯಾದರೆ ಬೆದೆಗೆ ಬಂದಿದೆ ಎಂದು ಸುಮ್ಮನಾಗುತ್ತಾರೆ. ಇದು ಬಹಳ ವಿಚಿತ್ರವಾದ ಕ್ಯಾನ್ಸರ್. ಇದಕ್ಕೆ ವೈರಸ್ ಕಾರಣವಲ್ಲ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್ ಕಣಗಳೇ ಕೂಡುವಾಗ, ನೆಕ್ಕುವಾಗ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಇವತ್ತಿಗೂ ಬದುಕಿವೆ. ಆ ನಾಯಿ ಸತ್ತು ಎಷ್ಟೋ ಕಾಲವಾಯಿತು, ಅದರ ಕಣಗಳು ನಮ್ಮ ಬೀದಿಗಳಲ್ಲೂ ಓಡಾಡುತ್ತಿವೆ. ಇದನ್ನು ಬರೀ ಕೊಯ್ದು ತೆಗೆದರೆ ಆಗಾಗ ಮರಳುತ್ತದೆ. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯ ಇಂಜೆಕ್ಷನ್, ಹೆಚ್ಚಾಗಿ ನಾಲ್ಕರಿಂದ ಆರು, ಕೊಟ್ಟರೆ ಬಹುಪಾಲು ನಾಯಿಗಳು ಪೂರ್ತಿ ಗುಣವಾಗುತ್ತವೆ. ಆ ಔಷಧಿ ಮಲಮೂತ್ರದಲ್ಲೂ ಹೊರಬರುವುದರಿಂದ, ಆ ದಿನಗಳಲ್ಲಿ ಅದನ್ನು ತೆಗೆಯುವಾಗ ಕೈಗವಸು ಹಾಕಿಕೊಳ್ಳಿ. ಗಂಟು ಯಾವ ಜಾತಿ ಎಂದು ತಿಳಿದರೆ ಚಿಕಿತ್ಸೆಯೇ ಬದಲಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹೆಣ್ಣು ನಾಯಿಯ ಮೊಲೆಯ ಗಂಟುಗಳದ್ದು ಇನ್ನೊಂದು ಕಥೆ. ಅವುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ಅದು ಶ್ವಾಸಕೋಶಕ್ಕೆ ಹೋಗುವುದು ಜಾಸ್ತಿ, ಅದಕ್ಕೇ ಎದೆಯ ಎಕ್ಸ್‌ರೇ ತೆಗೆಸಲು ಹೇಳುತ್ತಾರೆ. 1969ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಮೊದಲ ಬೆದೆಗೆ ಮುಂಚೆ ಅಂಡಾಶಯ, ಗರ್ಭಕೋಶ ತೆಗೆಸಿದ ನಾಯಿಗಳಲ್ಲಿ ಈ ಕ್ಯಾನ್ಸರಿನ ಸಾಧ್ಯತೆ, ತೆಗೆಸದ ನಾಯಿಗಳಿಗೆ ಹೋಲಿಸಿದರೆ ಬರೀ 0.5 ಪರ್ಸೆಂಟ್. ಒಂದು ಬೆದೆ ಆದಮೇಲೆ 8, ಎರಡಾದ ಮೇಲೆ 26.

ಒಮ್ಮೆ ಗಂಟು ಬಂದ ನಾಯಿಗೆ ಇನ್ನೊಂದು ಬರಬಹುದು. ತಿಂಗಳಿಗೊಮ್ಮೆ ತಲೆಯಿಂದ ಬಾಲದವರೆಗೆ ಕೈಯಾಡಿಸಿ ನೋಡಿ. ಹೊಸ ಗಂಟು ಒಂದು ಸೆಂಟಿಮೀಟರ್ ಆಗಿದ್ದರೆ, ಅಥವಾ ತಿಂಗಳಾದರೂ ಹೋಗದಿದ್ದರೆ ಸೂಜಿಯಿಂದ ಕಣ ತೆಗೆದು ನೋಡುವ ಪರೀಕ್ಷೆ ಮಾಡಿಸಿ. ಅರಿವಳಿಕೆ ಬೇಕಾಗುವುದಿಲ್ಲ, ಕೆಲವೇ ನಿಮಿಷದ ಕೆಲಸ. ಹೋಗುವಾಗ ಹಿಂದಿನ ಗಂಟಿನ ವರದಿ ತೆಗೆದುಕೊಂಡು ಹೋಗಿ, ಅದರ ಫೋಟೋ ಫೋನಿನಲ್ಲೂ ಇರಲಿ. ಹೊಸ ವೈದ್ಯರು ಮೊದಲು ಕೇಳುವುದು ಅದನ್ನೇ.