ವಾಪಸ್ ಹೋಗು ಅಂದ ಕಾನೂನು ಹಳ್ಳಿಗೆ ಕಳಿಸಿದ ಕಥೆ

ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕಕ್ಕೆ ರೆಸಿಡೆನ್ಸಿಗೆ ಹೋಗುವವರಲ್ಲಿ ಬಹಳ ಜನ ಜೆ-1 ವೀಸಾದ ಮೇಲೆ, ಅಂದರೆ ಕಲಿತು ವಾಪಸ್ ಹೋಗುವವರಿಗೆ ಕೊಡುವ ವಿನಿಮಯ ವೀಸಾದ ಮೇಲೆ ಹೋಗುತ್ತಾರೆ. ರೆಸಿಡೆನ್ಸಿ ಅಂದರೆ ಹೆಚ್ಚುಕಮ್ಮಿ ನಮ್ಮ ಪಿಜಿ. ಇದಕ್ಕೆ ದಿಲ್ಲಿಯ ಆರೋಗ್ಯ ಸಚಿವಾಲಯದಿಂದ ಒಂದು ಪತ್ರ ಬೇಕು. ಈ ವಿಭಾಗದಲ್ಲಿ ತರಬೇತಿ ಪಡೆದ ವೈದ್ಯರು ನಮ್ಮ ದೇಶಕ್ಕೆ ಬೇಕು, ಇವರು ಕಲಿತು ವಾಪಸ್ ಬರುತ್ತೇನೆ ಎಂದು ಬರೆದುಕೊಟ್ಟಿದ್ದಾರೆ ಅನ್ನೋದು ಅದರ ಸಾರ. ಆ ಪತ್ರ ಹಿಡಿದು ಹೋದ ಡಾಕ್ಟರು ಕೆಲವು ವರ್ಷ ಕಳೆದ ಮೇಲೆ ನಾರ್ತ್ ಡಕೋಟಾದ ಯಾವುದೋ ಸಣ್ಣ ಊರಿನಲ್ಲಿ, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ, ಗೋಧಿ ಬೆಳೆಯುವ ರೈತರ ಬಿಪಿ ನೋಡುತ್ತಾ ಕೂತಿರಬಹುದು. ಇದೇನೂ ಕಳ್ಳದಾರಿಯಲ್ಲ. ಕಾನೂನೇ ಮಾಡಿಕೊಟ್ಟ ದಾರಿ.

ದಾರಿಯ ಮೊದಲ ತುದಿ 1948ರಲ್ಲಿದೆ. ಹೊರದೇಶದವರು ಬಂದು ಕಲಿಯಲಿ, ಅಮೆರಿಕ ಹೇಗಿದೆ ಅಂತ ನೋಡಲಿ, ಊರಿಗೆ ಹೋಗಿ ನಾಲ್ಕು ಒಳ್ಳೆ ಮಾತು ಹೇಳಲಿ ಎಂಬ ಶೀತಲ ಸಮರದ ಲೆಕ್ಕಾಚಾರದಲ್ಲಿ ವಿನಿಮಯ ಕಾರ್ಯಕ್ರಮ ಶುರುವಾಯಿತು. ಬಂದವರು ಹೋಗಲಿಲ್ಲ. ಹಾಗಾಗಿ 1956ರಲ್ಲಿ, ಕಲಿತವರು ತಾಯ್ನಾಡಿನಲ್ಲಿ ಎರಡು ವರ್ಷ ಇದ್ದೇ ಮರಳಿ ಬರಬೇಕು ಎಂಬ ಷರತ್ತು ಸೇರಿಸಿದರು. ಜೆ ವೀಸಾ ಅನ್ನೋ ಹೆಸರು ಬಂದದ್ದು 1961ರಲ್ಲಿ.

ಆಮೇಲಿನ ಹದಿನೈದು ವರ್ಷ ಅಮೆರಿಕದ ಮನಸ್ಸು ಆ ಕಡೆ ಈ ಕಡೆ ತೂಗಾಡಿತು. 1965ರಲ್ಲಿ ವಲಸೆ ಕಾನೂನು ಬದಲಾಗಿ ಏಷ್ಯಾದವರಿಗೆ ಬಾಗಿಲು ತೆರೆಯಿತು. ಅದೇ ವರ್ಷ ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೈಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳು ಬಂದವು, ಡಾಕ್ಟರಿಗೆ ಬೇಡಿಕೆ ಏರಿತು. 1970ರಲ್ಲಿ ಎರಡು ವರ್ಷದ ಷರತ್ತನ್ನೂ ಸಡಿಲಿಸಿದರು. 1976ಕ್ಕೆ ಬರುವ ಹೊತ್ತಿಗೆ ಸಂಸತ್ತು ಒಂದು ಕಾಯ್ದೆ ಮಾಡಿ, ನಮ್ಮಲ್ಲಿ ವೈದ್ಯರ ಕೊರತೆಯೇ ಇಲ್ಲ ಎಂದು ಅದರಲ್ಲೇ ಬರೆದುಬಿಟ್ಟಿತು! ತರಬೇತಿಗೆ ಬಂದ ಎಲ್ಲ ವಿದೇಶಿ ವೈದ್ಯರಿಗೂ ಷರತ್ತು ಮತ್ತೆ ಅಂಟಿಕೊಂಡಿತು. ಬೇರೆ ಜೆ-1ನವರಾದರೆ ತಮ್ಮ ದೇಶದಿಂದ ನಿರಾಕ್ಷೇಪಣಾ ಪತ್ರ ತಂದು ಬಿಡಿಸಿಕೊಳ್ಳಬಹುದು. ವೈದ್ಯರಿಗೆ ಆ ದಾರಿಯೂ ಇಲ್ಲ.

ಕೊರತೆ ಇಲ್ಲ ಅಂದದ್ದು ಇಡೀ ದೇಶದ ತಲೆ ಎಣಿಸಿ. ನಗರದಲ್ಲಿ ಡಾಕ್ಟರು ಜಾಸ್ತಿ ಆದರು ಅಂತ ಮೊಂಟಾನಾದ ಹಳ್ಳಿಗೆ ಯಾರೂ ಹೋಗಲಿಲ್ಲ. ಅಲ್ಲಿನ ಲೆಕ್ಕದಲ್ಲಿ ಸಾಮಾನ್ಯವಾಗಿ 3,500 ಜನಕ್ಕೆ ಒಬ್ಬ ಪ್ರಾಥಮಿಕ ವೈದ್ಯರೂ ಇಲ್ಲದಿದ್ದರೆ ಅದು ಕೊರತೆಯ ಪ್ರದೇಶ. ನಮ್ಮಲ್ಲಿ ಬಯಲು ಪ್ರದೇಶದ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋದೇ ನಿಯಮ. ಇದನ್ನು ಓದಿದಾಗ ಯಾರ ಕೊರತೆಗೆ ಅಳಬೇಕೋ ತಿಳಿಯಲಿಲ್ಲ.

ಕಾನೂನಿನಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಅಮೆರಿಕದ ಕೇಂದ್ರ ಸರ್ಕಾರದ ಯಾವುದಾದರೂ ಇಲಾಖೆ ಈ ವ್ಯಕ್ತಿ ನಮಗೆ ಬೇಕು ಎಂದು ಬರೆದರೆ ಷರತ್ತು ಮನ್ನಾ ಆಗಬಹುದು. ಬಡತನದ ಗುಡ್ಡಗಾಡು ಪ್ರದೇಶಕ್ಕಾಗಿ ಇದ್ದ ಅಪಲಾಚಿಯನ್ ಪ್ರಾದೇಶಿಕ ಆಯೋಗ ಈ ಕಿಂಡಿ ಬಳಸಿತು. ಕೃಷಿ ಇಲಾಖೆಯೂ ಬಳಸಿತು. ಹೌದು, ಕೃಷಿ ಇಲಾಖೆಯೇ. ಹಳ್ಳಿಯ ಅಭಿವೃದ್ಧಿ ಅದರ ಹೆಗಲ ಮೇಲಿತ್ತಲ್ಲ, ಡಾಕ್ಟರನ್ನೂ ಅದೇ ತರಿಸುತ್ತಿತ್ತು. 2001ರ ಸೆಪ್ಟೆಂಬರ್ ದಾಳಿಯ ನಂತರ, 2002ರಲ್ಲಿ, ಆ ಇಲಾಖೆ ಕೈತೊಳೆದುಕೊಂಡಿತು.

ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್, ಪ್ರತಿ ಸಲ ವಾಷಿಂಗ್ಟನ್‌ನ ಇಲಾಖೆಯ ಬಾಗಿಲು ಯಾಕೆ ತಟ್ಟಬೇಕು, ರಾಜ್ಯಗಳೇ ಶಿಫಾರಸು ಮಾಡಲಿ ಎಂದರು. 1994ರಲ್ಲಿ ಅದು ಕಾನೂನಾಯಿತು. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 20 ವೈದ್ಯರು. 2002ರಲ್ಲಿ ಅದು 30 ಆಯಿತು, ಹೆಸರೂ ಕಾನ್ರಾಡ್ 30 ಎಂದೇ ನಿಂತಿತು. ರಾಜ್ಯ ದೊಡ್ಡದೋ ಚಿಕ್ಕದೋ ನೋಡೋದಿಲ್ಲ. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ 30, ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ 30. ಸಣ್ಣ ರಾಜ್ಯದ ಸೆನೆಟರ್ ಬರೆದ ಕಾನೂನು ಅಂತ ಇದರಲ್ಲೇ ಗೊತ್ತಾಗುತ್ತೆ, ಅಲ್ವಾ? 30ರಲ್ಲಿ 10 ಜನ ಕೊರತೆಯ ಪ್ರದೇಶದ ಹೊರಗೆ ಕೂತರೂ ಸರಿ, ಆದರೆ ಅಲ್ಲಿನ ರೋಗಿಗಳನ್ನು ನೋಡುತ್ತಿರಬೇಕು.

ಇದಕ್ಕೆ ಪ್ರತಿಯಾಗಿ ವೈದ್ಯರು ಕೊಡಬೇಕಾದ್ದು ಮೂರು ವರ್ಷ. ವಾರಕ್ಕೆ 40 ಗಂಟೆ, ಒಪ್ಪಿಕೊಂಡ ಜಾಗದಲ್ಲೇ, ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ. ಆ ವೀಸಾಕ್ಕೆ ವರ್ಷವರ್ಷ ಎತ್ತುವ ಲಾಟರಿಯ ಕಾಟ ಇವರಿಗಿಲ್ಲ, ಅದು ದೊಡ್ಡ ಅನುಕೂಲ. ಆದರೆ ಆಸ್ಪತ್ರೆಯವರು ಹೆಚ್ಚು ಡ್ಯೂಟಿ ಹಾಕಿದರೂ ಸುಮ್ನೆ ಎದ್ದು ಹೋಗುವ ಹಾಗಿಲ್ಲ. ಬೇರೆ ಕಡೆ ಸೇರಬೇಕಾದರೆ ಅನಿವಾರ್ಯ ಕಾರಣ ತೋರಿಸಬೇಕು, ಸೇರುವ ಜಾಗವೂ ಕೊರತೆಯದ್ದೇ ಆಗಿರಬೇಕು. ಮಧ್ಯದಲ್ಲಿ ಬಿಟ್ಟರೆ ಹಳೆಯ ಎರಡು ವರ್ಷದ ಷರತ್ತು ಮತ್ತೆ ಕುತ್ತಿಗೆಗೆ. ಈ ಇಕ್ಕಟ್ಟು ಧಣಿಗಳಿಗೆ ಚೆನ್ನಾಗಿ ಗೊತ್ತಿರುತ್ತೆ.

ಮೂರು ವರ್ಷ ಮುಗಿದರೂ ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡಿನ ಸಾಲು ಹತ್ತು ವರ್ಷಕ್ಕೂ ಉದ್ದ. 1999ರ ಒಂದು ಕಾನೂನು, ಕೊರತೆಯ ಪ್ರದೇಶದಲ್ಲಿ ಐದು ವರ್ಷ ದುಡಿದ ವೈದ್ಯರಿಗೆ ಅರ್ಜಿ ಹಾಕೋದನ್ನು ಸುಲಭ ಮಾಡಿತು. ಸಾಲನ್ನು ಮೋಟು ಮಾಡಲಿಲ್ಲ.

ಕಾನ್ರಾಡ್ ಇವತ್ತಿಗೂ ಕಾಯಂ ಕಾನೂನಲ್ಲ. 1996ರ ಜೂನ್ 1ರವರೆಗೆ ಅಂತ ಪ್ರಯೋಗಕ್ಕೆ ತಂದದ್ದನ್ನು, ಬೇರೆ ಮಸೂದೆಗಳ ಬಾಲಕ್ಕೆ ಕಟ್ಟಿ ಮತ್ತೆ ಮತ್ತೆ ಮುಂದಕ್ಕೆ ಎಳೆಯುತ್ತಿದ್ದಾರೆ. ಗಡುವು ಲೆಕ್ಕಕ್ಕೆ ಬರೋದು ಅರ್ಜಿ ಹಾಕಿದ ದಿನದಿಂದಲ್ಲ, ಜೆ-1 ಸಿಕ್ಕ ದಿನದಿಂದ. ಮೊದಲೇ ಬಂದವರು ನಿಶ್ಚಿಂತೆ. ಗಡುವು ಮುಗಿದು ನವೀಕರಣ ಆಗದೆ ಇರುವ ವಾರದಲ್ಲಿ ವಿಮಾನ ಇಳಿದ ಡಾಕ್ಟರು ಮಾತ್ರ, ತರಬೇತಿ ಮುಗಿಯೋದು ಇನ್ನೂ ಎಷ್ಟೋ ವರ್ಷ ಆಚೆಗಿದ್ದರೂ, ಮೊದಲ ದಿನದಿಂದಲೇ ಅಮೆರಿಕದ ಸಂಸತ್ತಿನ ಕಡೆ ಒಂದು ಕಣ್ಣಿಟ್ಟಿರಬೇಕು.